ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋದ ಖರ್ಚು

ತುಮಕೂರಿನಿಂದ ಒಬ್ಬ ಓದುಗರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ. ಮಗಳು ನಾಲ್ಕನೇ ವರ್ಷಕ್ಕೆ ಕಾಲಿಡುತ್ತಿದ್ದಾಳೆ. ಗಂಡನಿಗೆ ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 46,000 ರೂಪಾಯಿ ಸಂಬಳ. ಮಗಳು ಹುಟ್ಟಿದಾಗಿನಿಂದ ಆದ ಖರ್ಚನ್ನೆಲ್ಲ ಎರಡು ಪುಟದ ಪಟ್ಟಿ ಮಾಡಿ ಕಳಿಸಿದ್ದಾರೆ. ಡೈಪರ್, ಲಸಿಕೆ, ನಾಮಕರಣ, ಮೊದಲ ಹುಟ್ಟುಹಬ್ಬ, ಈಗ ಎಲ್‌ಕೆಜಿಗೆ 80,000. "ಒಂದು ಮಗು ಬೆಳೆಸೋಕೆ ಈಗ ಒಂದು ಕೋಟಿ ಬೇಕು ಅಂತ ಭಾವ ಹೇಳ್ತಾರೆ. ಅತ್ತೆ ಎರಡನೇದು ಯಾವಾಗ ಅಂತಾರೆ, ದುಡ್ಡಿನ ಮಾತೆತ್ತಿದರೆ ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತಾರೆ. ನಾವು ಯಾರ ಮಾತು ಕೇಳಬೇಕು?" ಇದು ಅವರ ಪ್ರಶ್ನೆ.

ಮೊದಲು ಆ ಒಂದು ಕೋಟಿಯನ್ನು ಪಕ್ಕಕ್ಕಿಡಿ. ಇಪ್ಪತ್ತೊಂದು ವರ್ಷದ ಅನ್ನ, ಬಟ್ಟೆ, ಫೀಸು, ಕಾಲೇಜು, ಮದುವೆ ಎಲ್ಲವನ್ನೂ ಮುಂದಿನ ಕಾಲದ ಬೆಲೆಯಲ್ಲಿ ಒಟ್ಟು ಹಾಕಿದರೆ ಯಾವ ಮನೆಯವರಿಗಾದರೂ ಎದೆ ನಡುಗುತ್ತೆ. ಅಷ್ಟು ದುಡ್ಡನ್ನು ಯಾರೂ ಒಂದೇ ದಿನ ಕಟ್ಟುವುದಿಲ್ಲ. ನಿಮಗೆ ಬೇಕಾದದ್ದು ತಿಂಗಳ ಲೆಕ್ಕ, ಮತ್ತೆ ಆ ಲೆಕ್ಕ ಮುಂದೆ ಎಲ್ಲಿ ಏರುತ್ತೆ ಅನ್ನೋದು.

ನಿಮ್ಮ ಪಟ್ಟಿಯ ಮೊತ್ತ ಸುಮಾರು 3,90,000. ಅದನ್ನು ಎರಡು ಸಲ ಓದಿದೆ. ಪತ್ರದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ: "ನಾನು ಅಕೌಂಟ್ಸ್ ಕೆಲಸದಲ್ಲಿದ್ದೆ, 24,000 ಬರ್ತಿತ್ತು, ಪಾಪು ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ಬಿಟ್ಟು ಮೂರು ವರ್ಷವಾಯಿತು." ಇದು ಪಟ್ಟಿಯಲ್ಲಿ ಯಾಕಿಲ್ಲ? ಮೂವತ್ತಾರು ತಿಂಗಳಿಗೆ 8,64,000 ರೂಪಾಯಿ. ನೀವು ಬರೆದ ಎಲ್ಲ ಖರ್ಚನ್ನೂ ಸೇರಿಸಿದರೆ ಇದರ ಅರ್ಧಕ್ಕೂ ಬರುವುದಿಲ್ಲ. ಇದರ ಮೇಲೆ ಪಿಎಫ್‌ಗೆ ಕಂಪನಿ ಹಾಕುತ್ತಿದ್ದ ಪಾಲು ಹೋಯಿತು, ಇಷ್ಟು ಹೊತ್ತಿಗೆ ಆಗಿರುತ್ತಿದ್ದ ಇನ್‌ಕ್ರಿಮೆಂಟ್ ಹೋಯಿತು, ಮತ್ತೆ ಕೆಲಸ ಹುಡುಕುವಾಗ "ಮೂರು ವರ್ಷ ಏನು ಮಾಡ್ತಿದ್ರಿ" ಅನ್ನೋ ಪ್ರಶ್ನೆ ಬೇರೆ. ಮಗಳ ಜೊತೆ ಮನೆಯಲ್ಲಿರುವುದು ನಿಮಗೆ ಖುಷಿ ಕೊಟ್ಟಿದ್ದರೆ ಅದನ್ನು ತಪ್ಪು ಅನ್ನುವುದಿಲ್ಲ, ಹಾಗೆ ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನೀವೇ "ಅನಿವಾರ್ಯವಾಗಿ ಬಿಟ್ಟೆ" ಅಂತ ಬರೆದಿದ್ದೀರಿ. ಮಗುವಿಗಾಗಿ ಆದ ಅತಿ ದೊಡ್ಡ ಖರ್ಚು ಇದೇ, ಅದನ್ನು ಪೂರ್ತಿ ನೀವೊಬ್ಬರೇ ಹೊತ್ತಿದ್ದೀರಿ.

ಆಗ ಮನೆಯಲ್ಲಿ ಹಾಕಿದ ಲೆಕ್ಕವನ್ನೂ ಬರೆದಿದ್ದೀರಿ. 24,000ದಲ್ಲಿ ಡೇಕೇರ್‌ಗೆ 9,000, ಬಸ್ಸಿಗೆ 2,000 ಹೋದರೆ ಉಳಿಯೋದು 13,000, ಅಷ್ಟಕ್ಕೋಸ್ಕರ ಯಾಕೆ ಒದ್ದಾಡ್ತೀಯ ಅಂದರಂತೆ ಯಜಮಾನರು. ಈ ಲೆಕ್ಕವನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತೆ. ಡೇಕೇರ್ ಫೀಸನ್ನು ಅಮ್ಮನ ಸಂಬಳದಿಂದ ಮಾತ್ರ ಯಾಕೆ ಕಳೆಯಬೇಕು? ಮಗು ಇಬ್ಬರದ್ದು ಅಲ್ವಾ? ಸರಿಯಾಗಿ ಹಾಕಿ ನೋಡಿ. ಇಬ್ಬರದೂ ಸೇರಿ 70,000, ಡೇಕೇರು ಬಸ್ಸು ಕಳೆದರೆ 59,000. ನೀವು ಬಿಟ್ಟ ಮೇಲೆ 46,000. ಡೇಕೇರ್ ಖರ್ಚು ಮಗು ಶಾಲೆಗೆ ಹೋಗುತ್ತಿದ್ದಂತೆ ಕಮ್ಮಿಯಾಗುತ್ತೆ, ಬಿಟ್ಟ ಸಂಬಳದ ನಷ್ಟ ವರ್ಷ ವರ್ಷವೂ ಬೆಳೆಯುತ್ತೆ.

ಕಾನೂನಿನ ಸಹಾಯವೂ ಸ್ವಲ್ಪ ಇದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಸಿಗುತ್ತೆ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗು ನೋಡಿ ಬರಬಹುದು. ಮುಂದೆ ಕೆಲಸ ಹುಡುಕುವಾಗ ಇದನ್ನು ಬಾಯಿಬಿಟ್ಟು ಕೇಳಿ. ಕೇಳೋಕೆ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಇನ್ನು ಶಾಲೆ. ಎಲ್‌ಕೆಜಿ ಫೀಸು 80,000 ಕಟ್ಟಬಹುದಾ ಅಂತ ಕೇಳಿದ್ದೀರಿ. ಈ ವರ್ಷ ಕಟ್ಟಬಹುದು. ಆದರೆ ನೀವು ಸಹಿ ಹಾಕುತ್ತಿರುವುದು ಹತ್ತನೇ ಕ್ಲಾಸಿನವರೆಗಿನ ಫೀಸಿಗೆ. ವರ್ಷಕ್ಕೆ ಶೇ 10ರಷ್ಟು ಏರಿದರೆ ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅದು 2,28,000 ಆಗಿರುತ್ತೆ, ಹನ್ನೆರಡು ವರ್ಷಕ್ಕೆ ಒಟ್ಟು 17 ಲಕ್ಷ ದಾಟುತ್ತೆ. ಸಂಬಳ ವರ್ಷಕ್ಕೆ ಶೇ 5ರಂತೆ ಏರಿದರೆ, ಇವತ್ತು ಏಳರಲ್ಲೊಂದು ಪಾಲು ತಿನ್ನುವ ಫೀಸು ಆಗ ಹೆಚ್ಚುಕಮ್ಮಿ ಕಾಲು ಭಾಗ ತಿನ್ನುತ್ತೆ. ವ್ಯಾನು, ಪುಸ್ತಕ, ಟ್ಯೂಷನ್ ಇದರಲ್ಲಿ ಸೇರಿಲ್ಲ. ಹಾಗಾಗಿ ಶಾಲೆಗೆ ಹೋದಾಗ ಎಲ್‌ಕೆಜಿ ಫೀಸು ಎಷ್ಟು ಅಂತ ಕೇಳಿ ಬರಬೇಡಿ. ಈಗ ಹತ್ತನೇ ಕ್ಲಾಸಿಗೆ ಎಷ್ಟು, ಹಿಂದಿನ ಮೂರು ವರ್ಷದಲ್ಲಿ ಎಷ್ಟೆಷ್ಟು ಏರಿಸಿದ್ದೀರಿ ಅಂತ ಕೇಳಿ. ಅಲ್ಲೇ ಮಕ್ಕಳನ್ನು ಓದಿಸುತ್ತಿರುವ ತಂದೆ ತಾಯಂದಿರನ್ನು ಗೇಟಿನ ಹತ್ತಿರ ಮಾತಾಡಿಸಿ. ರಸೀದಿ ಇಲ್ಲದೆ "ಬಿಲ್ಡಿಂಗ್ ಫಂಡ್" ಅಂತ ನಗದು ಕೇಳಿದರು ಅಂದಿದ್ದೀರಿ. ಕ್ಯಾಪಿಟೇಶನ್ ಶುಲ್ಕ, ಅಂದರೆ ನಿಗದಿತ ಫೀಸಿನ ಮೇಲೆ ಸೀಟಿಗಾಗಿ ಕೇಳುವ ದುಡ್ಡನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1984ರಿಂದಲೇ ಇದೆ. ರಸೀದಿ ಕೊಡದ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿನ ಆಸೆ ಇಟ್ಟುಕೊಂಡಿದ್ದೀರಿ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗದ ಹಾಗೆ 2018ರ ಕೊನೆಯಲ್ಲಿ ನಿಯಮ ಬದಲಾಯಿತು, ತುಮಕೂರಿನಂಥ ಊರಲ್ಲಿ ಅದನ್ನು ನಂಬಿ ಕೂರೋದು ಬೇಡ. ಬದಲಿಗೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆ ನೋಡಿ ಬನ್ನಿ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ. ಇಂಗ್ಲಿಷ್ ಮೀಡಿಯಂ ಅಂತ ನಿಮ್ಮ ಚಿಂತೆ ಇದ್ದರೆ, 2019ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಅದೂ ಶುರುವಾಗಿದೆ. ಎಲ್ಲ ಸರ್ಕಾರಿ ಶಾಲೆಯೂ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಒಂದೊಂದು ಶಾಲೆ ಒಂದೊಂದು ಥರ. ಟೀಚರ್ ಎಷ್ಟು ಜನ ಇದ್ದಾರೆ, ಮೂರನೇ ಕ್ಲಾಸಿನ ಮಗು ಪುಸ್ತಕ ತೆಗೆದು ಸರಾಗವಾಗಿ ಓದುತ್ತಾ, ಶೌಚಾಲಯದಲ್ಲಿ ನೀರು ಬರುತ್ತಾ, ಇಷ್ಟು ನೋಡಿ. ಇದನ್ನೇ 80,000ದ ಶಾಲೆಯಲ್ಲೂ ನೋಡಿ.

ಉಳಿದ ಖರ್ಚುಗಳು ಸಣ್ಣವು. ಲಸಿಕೆಗೆ ಖಾಸಗಿ ಕ್ಲಿನಿಕ್‌ನಲ್ಲಿ ಸಾಕಷ್ಟು ಕಟ್ಟಿದ್ದೀರಿ. ರಾಷ್ಟ್ರೀಯ ಪಟ್ಟಿಯ ಲಸಿಕೆಗಳೆಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಹಿಡಿದು ಹೋದರೆ ಪುಕ್ಕಟೆ, ರೋಟಾವೈರಸ್ ಮತ್ತು ನ್ಯುಮೋನಿಯಾ ತಡೆಯುವ ಲಸಿಕೆಯೂ ಸೇರಿ. ಹುಟ್ಟುಹಬ್ಬಕ್ಕೆ ಹಾಲ್ ಬಾಡಿಗೆ ಹಿಡಿಯೋದನ್ನು ಬಿಡಿ, ಅವಳಿಗೆ ಅದು ನೆನಪೂ ಇರುವುದಿಲ್ಲ.

ಎಲ್‌ಕೆಜಿಗೆ ಬಳೆ ಅಡ ಇಡೋಣ ಅಂದಿದ್ದೀರಲ್ಲ, ದಯವಿಟ್ಟು ಬೇಡ. ಬಳೆ ಅಡ ಇಟ್ಟು ಕಟ್ಟಬೇಕಾದ ಫೀಸು ನಿಮ್ಮ ಕೈಗೆಟುಕುವ ಫೀಸಲ್ಲ. ಕಮ್ಮಿ ಫೀಸಿನ ಶಾಲೆ ನೋಡಿ, ಉಳಿದದ್ದರಲ್ಲಿ ಸ್ವಲ್ಪ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಹಾಕಿ. ಮಗಳಿಗೆ ಹತ್ತು ತುಂಬುವ ಮೊದಲು ತೆರೆಯಬೇಕು, ವರ್ಷಕ್ಕೆ 250 ರೂಪಾಯಿ ಹಾಕಿದರೂ ಖಾತೆ ನಡೆಯುತ್ತೆ. ತಿಂಗಳಿಗೆ 2,000ದಂತೆ 15 ವರ್ಷ ಕಟ್ಟಿ, ಬಡ್ಡಿ ಶೇ 8.2 ಅಂತ ಹಿಡಿದರೆ, ನೀವು ಹಾಕಿದ 3,60,000 ಖಾತೆಗೆ 21 ವರ್ಷ ಆಗುವಾಗ ಸುಮಾರು 11 ಲಕ್ಷ ಆಗಿರುತ್ತೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತೆ, ಏರಬಹುದು, ಇಳಿಯಬಹುದು. ಅವಳಿಗೆ ಹದಿನೆಂಟಾದ ಮೇಲೆ ಓದಿಗೆ ಅರ್ಧ ತೆಗೆಯಬಹುದು.

ಎರಡನೇ ಮಗು ಬೇಕೋ ಬೇಡವೋ ಅನ್ನೋದನ್ನು ನಾನು ಹೇಳುವಂತಿಲ್ಲ, ಭಾವ ಹೇಳುವಂತಿಲ್ಲ, ಅತ್ತೆಯೂ ಹೇಳುವಂತಿಲ್ಲ. ಬಟ್ಟೆ, ತೊಟ್ಟಿಲು, ಆಟದ ಸಾಮಾನು ಅಕ್ಕನದ್ದೇ ಆಗುತ್ತೆ, ಆ ಖರ್ಚಿಗೆ ಹೆದರಬೇಡಿ. ಆದರೆ ಅದಕ್ಕೂ ಮೊದಲು ನೀವು ಕೆಲಸಕ್ಕೆ ಅರ್ಜಿ ಹಾಕಲು ಶುರು ಮಾಡಿ. ಅತ್ತೆ ಮತ್ತೆ ಮಾತೆತ್ತಿದಾಗ ಯಜಮಾನರನ್ನೂ ಕೂರಿಸಿಕೊಂಡು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಅತ್ತೆ "ನಾನು ಬಂದು ಇರ್ತೀನಮ್ಮ" ಅನ್ನಬಹುದು, ಯಜಮಾನರು ಪಾಳಿ ಬದಲಾಯಿಸಿಕೊಳ್ಳುತ್ತೇನೆ ಅನ್ನಬಹುದು, ಡೇಕೇರ್ ಫೀಸು ಇಬ್ಬರೂ ಹಂಚಿಕೊಳ್ಳೋಣ ಅನ್ನಬಹುದು. ಯಾರೂ ಏನೂ ಹೇಳದೆ ನಿಮ್ಮ ಮುಖ ನೋಡಿದರೆ, ಇನ್ನೆರಡು ವರ್ಷ ಕಾಯಿರಿ.