ಮೊದಲ ಎರಡು ಪ್ಯಾರಾ ಅಳಿಸಿ ನೋಡಿ

ಒಂದು ವರ್ಷದಿಂದ ಅಂತರ್ಜಾಲಕ್ಕೆ ಲೇಖನ ಬರೆಯುತ್ತಿದ್ದೇನೆ, ಭಾಷೆ ಚೆನ್ನಾಗಿದೆ ಎಂದು ಸ್ನೇಹಿತರು ಹೇಳುತ್ತಾರೆ, ಆದರೂ ಯಾರೂ ಕೊನೆಯವರೆಗೆ ಓದುವುದಿಲ್ಲ, ಬರಹವನ್ನು ಉತ್ತಮಪಡಿಸುವುದು ಹೇಗೆ ಎಂದು ಕೇಳಿದ್ದೀರಿ. ‘ಭಾಷೆ ಚೆನ್ನಾಗಿದೆ’ ಎಂಬ ಮಾತನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ವಿಷಯದ ಬಗ್ಗೆ ಹೇಳಲು ಏನೂ ಸಿಗದಿದ್ದಾಗ ಸ್ನೇಹಿತರು ಭಾಷೆಯನ್ನು ಹೊಗಳುತ್ತಾರೆ. ನನ್ನನ್ನೂ ಹೀಗೆಯೇ ಹೊಗಳುತ್ತಿದ್ದರು.

ನಾನು ಬರೆಯುತ್ತಿದ್ದುದು ಮನೆಯ ಸಣ್ಣಪುಟ್ಟ ರಿಪೇರಿಗಳ ಬಗ್ಗೆ. ಸೋರುವ ನಲ್ಲಿಯ ಮೇಲೆ ಬರೆದ ಲೇಖನ ಸುಮಾರು 1,800 ಪದಗಳಷ್ಟಿತ್ತು. ನೀರು ಜೀವಜಲ ಎಂದು ಆರಂಭ, ನಂತರ ಹನಿ ಹನಿ ಸೇರಿ ಹಳ್ಳವಾಗುವ ಗಾದೆ, ಅದರ ಬೆನ್ನಿಗೆ ಮಿತವ್ಯಯದ ಉಪದೇಶ. ನಲ್ಲಿಯೊಳಗೆ ನೀರನ್ನು ತಡೆಯುವ ಪುಟ್ಟ ಬಿಲ್ಲೆ, ಅಂದರೆ ವಾಷರ್, ಎಂಬ ಪದ ಕಾಣಿಸಿಕೊಳ್ಳುತ್ತಿದ್ದುದು ಆರನೆಯ ಪ್ಯಾರಾದಲ್ಲಿ. ಅದನ್ನು ಓದಿದ ಅಪರಿಚಿತರೊಬ್ಬರಿಂದ ಒಂದೇ ಸಾಲಿನ ಪ್ರತಿಕ್ರಿಯೆ ಬಂತು: ‘ಇದನ್ನು ಬಿಚ್ಚುವ ಮೊದಲು ನೀರು ನಿಲ್ಲಿಸಬೇಕೋ ಬೇಡವೋ?’ ಅದನ್ನು ಕೇಳುವ ಹೊತ್ತಿಗೆ ಅವರ ಕೈಯಲ್ಲಿ ಸ್ಪ್ಯಾನರ್ ಇತ್ತು ಎಂದು ನಾನು ಇಂದಿಗೂ ನಂಬಿದ್ದೇನೆ. ನನ್ನ ಲೇಖನದಲ್ಲಿ ಆ ಪ್ರಶ್ನೆಗೆ ಉತ್ತರ ಇತ್ತು, ಒಂಬತ್ತನೆಯ ಪ್ಯಾರಾದ ನಡುವೆ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬರೆಯಲು ಕೂರುವ ಮೊದಲು ಓದುಗ ಯಾವ ಪ್ರಶ್ನೆ ಹೊತ್ತು ಬರುತ್ತಾನೋ ಅದನ್ನು ಅವನ ಮಾತಿನಲ್ಲೇ ಹಾಳೆಯ ಮೇಲ್ಗಡೆ ಬರೆದುಕೊಳ್ಳುತ್ತೇನೆ. ‘ನಲ್ಲಿಗಳ ನಿರ್ವಹಣೆ’ ಪ್ರಶ್ನೆಯಲ್ಲ, ಪಠ್ಯಪುಸ್ತಕದ ಅಧ್ಯಾಯ. ‘ಎಷ್ಟು ಬಿಗಿ ಮಾಡಿದರೂ ನಲ್ಲಿ ತೊಟ್ಟಿಕ್ಕುತ್ತಿದೆ, ನಾನೇ ಸರಿಪಡಿಸಬಹುದೇ?’ ಎಂಬುದು ಪ್ರಶ್ನೆ. ಇದಕ್ಕೆ ಮೊದಲ ಮೂರು ಸಾಲಿನೊಳಗೆ ಉತ್ತರ ಕೊಟ್ಟುಬಿಡಿ. ಗುಟ್ಟು ಅಲ್ಲೇ ಬಿಟ್ಟುಕೊಟ್ಟರೆ ಮುಂದೆ ಯಾರು ಓದುತ್ತಾರೆ ಎಂಬ ಭಯ ನನಗೂ ಇತ್ತು. ಆದರೆ ಕಾಯಿಸಿದರೆ ನಿಲ್ಲುವವರು ಕಡಿಮೆ. ಉತ್ತರ ಸಿಕ್ಕಿತು ಎಂಬ ನಂಬಿಕೆ ಬಂದವರೇ ‘ಹೇಗೆ’ ಎಂದು ತಿಳಿಯಲು ಕೆಳಗಿಳಿಯುತ್ತಾರೆ.

ಕಂಪ್ಯೂಟರ್ ತೆರೆಯ ಮೇಲಿನ ಓದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ, ಜಾಲತಾಣಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ ಮೊದಲಿಗರ ಸಾಲಿಗೆ ಸೇರುತ್ತಾರೆ. 1997ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪರೀಕ್ಷೆಯಲ್ಲಿ ಪಾಲ್ಗೊಂಡವರಲ್ಲಿ ಶೇ 79 ಮಂದಿ ಯಾವುದೇ ಹೊಸ ಪುಟದ ಮೇಲೆ ಬರೀ ಕಣ್ಣಾಡಿಸುತ್ತಿದ್ದರು. ಪದ ಪದವನ್ನೂ ಓದುತ್ತಿದ್ದವರು ಶೇ 16 ಮಾತ್ರ. 2006ರಲ್ಲಿ ಅವರ ಸಂಸ್ಥೆ 232 ಮಂದಿಯ ಕಣ್ಣಿನ ಚಲನೆಯನ್ನು ದಾಖಲಿಸಿತು. ನೋಟ ಮೇಲಿನ ಒಂದೆರಡು ಸಾಲುಗಳಲ್ಲಿ ಅಡ್ಡಡ್ಡ ಹರಿದು, ಆಮೇಲೆ ಎಡ ಅಂಚನ್ನು ಹಿಡಿದು ಕೆಳಕ್ಕೆ ಜಾರುತ್ತಿತ್ತು, ಇಂಗ್ಲಿಷಿನ ಎಫ್ ಅಕ್ಷರದ ಹಾಗೆ. ಹಾಗೆ ಜಾರುವ ಕಣ್ಣಿಗೆ ನಿಮ್ಮ ಪ್ಯಾರಾಗಳ ಮೊದಲ ಪದ ಮಾತ್ರ ಕಾಣುತ್ತದೆ ಎಂದಿಟ್ಟುಕೊಳ್ಳಿ. ಈಗ ನಿಮ್ಮ ಲೇಖನ ತೆರೆದು ಆ ಪದಗಳನ್ನಷ್ಟೇ ಓದಿ. ನನ್ನ ಲೇಖನದಲ್ಲಿ ಇದ್ದವು ಇವು: ಇದಲ್ಲದೆ, ಆದ್ದರಿಂದ, ಅಷ್ಟೇ ಅಲ್ಲದೆ, ಹಾಗೆ ನೋಡಿದರೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಮುಖ್ಯವಾದ ಮಾತು ದೂರ ಹೋಗುತ್ತದೆ. ಮಾಡಬೇಕೋ ಮಾಡಬಾರದೋ ಎಂಬುದು ಕೊನೆಯ ಎರಡು ಅಕ್ಷರದವರೆಗೂ ಗೊತ್ತಾಗುವುದಿಲ್ಲ. ನಾನೇ ಬರೆದ ಈ ವಾಕ್ಯವನ್ನು ನೋಡಿ: ‘ನಲ್ಲಿಯ ಹಿಡಿಯನ್ನು ಎಷ್ಟೇ ಬಿಗಿಯಾಗಿ ತಿರುಗಿಸಿದರೂ ನೀರು ತೊಟ್ಟಿಕ್ಕುವುದಕ್ಕೆ ಕಾರಣವಾಗಿರಬಹುದಾದ ಸವೆದ ವಾಷರನ್ನು ಬದಲಾಯಿಸುವುದಕ್ಕೆ ಮುಂಚಿತವಾಗಿ ನೀರಿನ ಪೂರೈಕೆಯನ್ನು ಸ್ಥಗಿತಗೊಳಿಸುವುದು ಅವಶ್ಯಕವಾಗಿರುತ್ತದೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ಗಟ್ಟಿಯಾಗಿ ಓದಿದರೆ ಉಸಿರು ಸಾಲುವುದಿಲ್ಲ. ಈಗ ಅದು ಹೀಗಿದೆ: ‘ಮೊದಲು ನೀರು ನಿಲ್ಲಿಸಿ. ಬಿಗಿ ಮಾಡಿದರೂ ತೊಟ್ಟಿಕ್ಕುತ್ತಿದ್ದರೆ ಸವೆದಿರುವುದು ಬಹುಶಃ ವಾಷರ್.’ ‘ಸ್ಥಗಿತಗೊಳಿಸು’, ‘ಮಾಡಲಾಗುತ್ತದೆ’, ‘ಅವಶ್ಯಕವಾಗಿರುತ್ತದೆ’ ಇವೆಲ್ಲ ಸುತ್ತೋಲೆಯ ಭಾಷೆ. ಎದುರಿಗೆ ಕೂತವರಿಗೆ ಹೀಗೆ ಯಾರೂ ಹೇಳುವುದಿಲ್ಲ. ಹಾಗೆಂದು ಎಲ್ಲ ವಾಕ್ಯಗಳನ್ನೂ ಕತ್ತರಿಸಿದರೆ ತಂತಿ ಸಂದೇಶದಂತಾಗುತ್ತದೆ. ಕಾರಣ ವಿವರಿಸುವಾಗ ವಾಕ್ಯ ಉದ್ದವಾಗಲಿ, ಕೆಲಸ ಹೇಳುವಾಗ ಗಿಡ್ಡವಿರಲಿ.

ಇಷ್ಟೆಲ್ಲ ತಿದ್ದಿದರೂ ಲೇಖನ ಸಪ್ಪೆಯಾಗಿರಬಹುದು. ಬೇರೆಯವರು ಬರೆದ ಹತ್ತು ಪುಟ ಓದಿ ಅಂಥದ್ದೇ ಹನ್ನೊಂದನೆಯ ಪುಟ ಬರೆಯುವುದು ಇದಕ್ಕೆ ಕಾರಣ. ಅಂಥ ಪುಟವನ್ನು ಈಗ ಯಂತ್ರವೇ ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದುಕೊಡುತ್ತದೆ, ಕಾಗುಣಿತದ ತಪ್ಪೂ ಇಲ್ಲದೆ. ನಿಮ್ಮ ಕೈಗೆ ಮಾತ್ರ ಸಿಕ್ಕಿದ್ದು ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ನಾನು ಓದಿದ್ದ ಬರಹಗಳೆಲ್ಲ ವಾಷರ್ ಬದಲಾಯಿಸಿ ಎಂಬಲ್ಲಿಗೆ ಮುಗಿಯುತ್ತಿದ್ದವು. ನಾನು ಬದಲಾಯಿಸಿದೆ, ಆದರೂ ತೊಟ್ಟಿಕ್ಕಿತು. ಮತ್ತೆ ಬಿಚ್ಚಿ ಬೆರಳು ಹಾಕಿ ನೋಡಿದರೆ, ವಾಷರ್ ಕೂರುವ ಲೋಹದ ಅಂಚೇ ಸವೆದು ತರಿತರಿಯಾಗಿತ್ತು. ಅದನ್ನು ಉಜ್ಜಿ ಸಮ ಮಾಡದೆ ಎಷ್ಟು ಹೊಸ ವಾಷರ್ ಹಾಕಿದರೂ ಪ್ರಯೋಜನವಿಲ್ಲ. ಈ ಎರಡು ಸಾಲು ಸೇರಿಸಿದ ಮೇಲೆ ಬಂದಷ್ಟು ಧನ್ಯವಾದ ನನ್ನ ಜೀವಜಲಕ್ಕೆ ಎಂದೂ ಬಂದಿರಲಿಲ್ಲ. ಹಾಗಾಗಿ ಕೆಟ್ಟುಹೋದ ಪ್ರಯತ್ನವನ್ನು ಮುಚ್ಚಿಡಬೇಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ, ಎಲ್ಲಿ ಕೈ ಜಾರಿತು ಎಂದೂ ಬರೆಯಿರಿ. ಗೂಗಲ್ ಕೂಡ ತನ್ನ ಹುಡುಕಾಟದ ಫಲಿತಾಂಶಗಳನ್ನು ಅಳೆಯುವ ಗುಣಮಟ್ಟ ಪರಿಶೀಲಕರಿಗೆ ಕೊಡುವ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಸ್ವಂತ ‘ಅನುಭವ’ವನ್ನು ಒಂದು ಮಾನದಂಡವಾಗಿ ಸೇರಿಸಿತು.

ಅಂದಹಾಗೆ, ಕೀವರ್ಡ್, ಅಂದರೆ ಜನ ಗೂಗಲ್‌ನಲ್ಲಿ ಹುಡುಕುವ ಪದಗಳನ್ನು, ತುರುಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗಿ. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್ ಟ್ಯಾಗನ್ನು ಹುಡುಕಾಟದ ಕ್ರಮ ನಿರ್ಧರಿಸಲು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಒಂದೇ ಪದವನ್ನು ಪ್ರತಿ ಸಾಲಿನಲ್ಲೂ ತಂದರೆ ಓದುಗನಿಗೆ ಮೊದಲು ರೇಜಿಗೆಯಾಗುತ್ತದೆ. ಚಿತ್ರ ಹಾಕುವುದಾದರೆ ನೀವೇ ತೆಗೆದದ್ದನ್ನು ಹಾಕಿ, ಮಸುಕಾಗಿದ್ದರೂ ಪರವಾಗಿಲ್ಲ. ಶೀರ್ಷಿಕೆಯನ್ನು ಕೊನೆಗೆ ಬರೆಯಿರಿ. ಲೇಖನ ಕೊಡದ ಭರವಸೆಯನ್ನು ಅದು ಕೊಡಬಾರದು, ಅಷ್ಟೇ.

ಹೊಸದನ್ನು ಬರೆಯುವ ಮೊದಲು ಹಳೆಯ ಲೇಖನಗಳಲ್ಲಿ ಒಂದನ್ನು ಆರಿಸಿ, ಮೊದಲ ಎರಡು ಪ್ಯಾರಾ ಅಳಿಸಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎಂದುಬಿಡುತ್ತಾರೆ. ಏನು ತಿಳಿಯಿತು ಎಂದು ಕೇಳಿ. ಅವರು ತಡವರಿಸುವ ಜಾಗದಲ್ಲೇ ತಿದ್ದುವ ಕೆಲಸ ಇದೆ. ಏನೋ ಕಡಿಮೆಯಾಗಿದೆ ಎಂದು ಅವರಿಗೆ ಅನಿಸಿದರೆ ಅಳಿಸಿದ್ದನ್ನು ವಾಪಸು ಹಾಕಿ. ನನ್ನ ಮಟ್ಟಿಗೆ ಹಾಗೆ ವಾಪಸು ಹಾಕಬೇಕಾಗಿ ಬಂದದ್ದು ಒಂದೇ ಬಾರಿ. ನಲ್ಲಿಯ ಲೇಖನ ಈಗ 600 ಪದಗಳಿಗೆ ಇಳಿದಿದೆ, ನೀರು ನಿಲ್ಲಿಸಿ ಎಂದೇ ಶುರುವಾಗುತ್ತದೆ. ಜೀವಜಲದ ಪ್ಯಾರಾ ಮಾತ್ರ ಬೇರೊಂದು ಫೈಲಿನಲ್ಲಿ ಹಾಗೆಯೇ ಇದೆ, ಎಸೆಯಲು ಮನಸ್ಸು ಬಂದಿಲ್ಲ.