ಉಪಗ್ರಹದ ಲೆಕ್ಕ ತಪ್ಪಿತ್ತು, ಸರಿ

ಪತ್ರ: 1998ರ ಹಾಲಿವುಡ್ ಸಿನಿಮಾ ‘ಎನಿಮಿ ಆಫ್ ದಿ ಸ್ಟೇಟ್’ ಈಚೆಗೆ ನೋಡಿದೆ, ತುಂಬಾ ಹಿಡಿಸಿತು. ಆಮೇಲೆ ಹಳೆಯ ವಿಮರ್ಶೆಗಳನ್ನು ಓದಿದೆ. ಓಟ, ಗದ್ದಲ ಬಿಟ್ಟರೆ ಇದರಲ್ಲೇನಿದೆ ಎಂಬ ಧಾಟಿಯಲ್ಲಿ ಕೆಲವರು ಬರೆದಿದ್ದಾರೆ. ನನ್ನ ಅಭಿರುಚಿಯೇ ಕೆಟ್ಟಿದೆಯಾ?

ಉತ್ತರ: ಕೆಟ್ಟಿದ್ದರೆ ನನ್ನದೂ ಕೆಟ್ಟಿದೆ, ಜೊತೆಗಿದ್ದೇನೆ. ಆದರೆ ಇಷ್ಟಪಟ್ಟ ಸಿನಿಮಾಕ್ಕೆ ಯಾರದೋ ಅಪ್ಪಣೆ ಕೇಳುತ್ತಿದ್ದೀರಲ್ಲ, ಅದಕ್ಕೆ ಸ್ವಲ್ಪ ಬೇಜಾರು.

ವಿಮರ್ಶಕರ ಮಾತಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ನಿರ್ದೇಶಕ ಟೋನಿ ಸ್ಕಾಟ್ ಕ್ಯಾಮೆರಾ ಒಂದು ಕಡೆ ನಿಲ್ಲುವುದೇ ಇಲ್ಲ. ಎನ್‌ಎಸ್‌ಎ, ಅಂದರೆ ಅಮೆರಿಕದ ಗೂಢಚಾರ ಸಂಸ್ಥೆ, ಬೆನ್ನು ಹತ್ತಿದ ವಿಲ್ ಸ್ಮಿತ್ ಓಡುವಷ್ಟು ಹೊತ್ತೂ ಉಪಗ್ರಹ ಮೇಲಿಂದ ಕಣ್ಣು ಕೀಳದೆ ನೋಡುತ್ತದೆ. ನಿಜದಲ್ಲಿ ಕೆಳಗಿನ ಕಕ್ಷೆಯ ಉಪಗ್ರಹ ಒಂದು ಊರನ್ನು ಕೆಲವೇ ನಿಮಿಷದಲ್ಲಿ ದಾಟಿಬಿಡುತ್ತದೆ. ಅಂಗಡಿಯ ಒಂದೇ ಕ್ಯಾಮೆರಾದ ಚಿತ್ರವನ್ನು ತಿರುಗಿಸಿ ಚೀಲದ ಆಚೆ ಮಗ್ಗುಲು ನೋಡುವುದಂತೂ ಶುದ್ಧ ಮಾಟ. ಒಪ್ಪಿದೆ.

ಯಾರೂ ಮೆಚ್ಚಲಿಲ್ಲ ಅಂತಲೂ ಅಲ್ಲ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರು ನಕ್ಷತ್ರ ಕೊಟ್ಟಿದ್ದರು. ನನ್ನ ಸಿಟ್ಟು ಬೇರೆಯದರ ಮೇಲೆ. ಕೊಪ್ಪೊಲಾ ಅವರ 1974ರ ‘ದಿ ಕಾನ್ವರ್ಸೇಷನ್’ ಪಕ್ಕಕ್ಕಿಟ್ಟು ಇದನ್ನು ಕುಳ್ಳ ಮಾಡಿದರಲ್ಲ, ಅದರ ಮೇಲೆ. ಅದು ದೊಡ್ಡ ಚಿತ್ರವೇ, ಕಾನ್ ಚಿತ್ರೋತ್ಸವದಲ್ಲಿ ಮೊದಲ ಬಹುಮಾನ ಗೆದ್ದದ್ದು. ಆದರೆ ಈ ಹೋಲಿಕೆ ವಿಮರ್ಶಕರ ಸಂಶೋಧನೆಯೇನಲ್ಲ, ಸಿನಿಮಾವೇ ಅವರ ಕೈಗಿಟ್ಟದ್ದು. ಅಲ್ಲಿ ಕದ್ದು ಕೇಳುವ ಹ್ಯಾರಿ ಕಾಲ್ ಆಗಿದ್ದ ಜೀನ್ ಹ್ಯಾಕ್‌ಮನ್ ಇಲ್ಲಿ ಸ್ಮಿತ್‌ಗೆ ನೆರವಾಗುವ ಬ್ರಿಲ್. ಅಲ್ಲಿಯ ತಂತಿ ಬಲೆಯ ಕೋಣೆ ಇಲ್ಲೂ ಇದೆ. ಬ್ರಿಲ್‌ನ ಹಳೆಯ ಫೋಟೋ ಅಂತ ತೋರಿಸುವುದು ಹ್ಯಾರಿಯ ಮುಖವನ್ನೇ! ಸಾಲ ಪಡೆದೆ ಅಂತ ತಾನೇ ಹೇಳಿದವನನ್ನು ಕಳ್ಳ ಅಂದಂತಾಯಿತು.

ಇದರ ನಡುವೆ ಕಥೆಯ ಕೀಲು ಎಲ್ಲಿದೆ ಅಂತ ನೋಡಿದವರು ಕಡಿಮೆ. ಮೊದಲ ದೃಶ್ಯದಲ್ಲೇ ಒಬ್ಬ ಸಂಸದನ ಕೊಲೆ. ಕಾರಣ ಹಣವಲ್ಲ, ಹೆಣ್ಣಲ್ಲ, ಒಂದು ಮಸೂದೆ. ಜನರ ಮೇಲೆ ಕಣ್ಣಿಡಲು ಸರ್ಕಾರಕ್ಕೆ ಜಾಸ್ತಿ ಅಧಿಕಾರ ಕೊಡುವ ಮಸೂದೆಗೆ ಅವನು ಅಡ್ಡ ನಿಂತಿದ್ದ. ಮೂರೇ ವರ್ಷಕ್ಕೆ, 2001ರಲ್ಲಿ, ಅಮೆರಿಕದಲ್ಲಿ ಅಂಥದೇ ಅಧಿಕಾರ ಕೊಡುವ ಪೇಟ್ರಿಯಟ್ ಕಾಯ್ದೆ ಬಂತು. 2013ರಲ್ಲಿ ಎನ್‌ಎಸ್‌ಎಗೆ ಗುತ್ತಿಗೆಯಲ್ಲಿ ದುಡಿದಿದ್ದ ಸ್ನೋಡೆನ್ ಹೊರಹಾಕಿದ ಕಾಗದಗಳಲ್ಲಿ ಏನಿತ್ತು? ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಫೋನ್ ಮಾಡಿದರು ಎಂಬ ಪಟ್ಟಿ ಎನ್‌ಎಸ್‌ಎಗೆ ರಾಶಿ ರಾಶಿಯಾಗಿ ಹೋಗುತ್ತಿತ್ತು. ಅದನ್ನು ನಿಲ್ಲಿಸುವ ಕಾಯ್ದೆ ಬರಲು 2015 ಆಗಬೇಕಾಯಿತು. ಉಪಗ್ರಹವೇ ಬೇಕಾಗಿರಲಿಲ್ಲ ನೋಡಿ, ಫೋನ್ ಕಂಪನಿಯ ಲೆಕ್ಕದ ಪುಸ್ತಕ ಸಾಕಾಗಿತ್ತು.

ಸಿನಿಮಾ ನಾಟಿದ್ದು ಯಾರಿಗೆ ಗೊತ್ತಾ? 1999ರಲ್ಲಿ ಎನ್‌ಎಸ್‌ಎ ಮುಖ್ಯಸ್ಥರಾದ ಮೈಕೆಲ್ ಹೇಡನ್ ಅವರಿಗೆ. ಜನ ತಮ್ಮ ಸಂಸ್ಥೆಯನ್ನು ವಿಲ್ ಸ್ಮಿತ್ ಚಿತ್ರದಿಂದ ಅಳೆಯುತ್ತಾರಲ್ಲ ಎಂಬ ಚಿಂತೆ ಅವರಿಗಿತ್ತು. ಗದ್ದಲ ಅಂತ ಬರೆದವರಿಗಿಂತ ಅವರೇ ಒಳ್ಳೆಯ ಪ್ರೇಕ್ಷಕ.

ನಮ್ಮ ವಿಮರ್ಶಕ ಜಾತಿಗೆ ಒಂದು ರೋಗವಿದೆ. ನಿಧಾನವಾಗಿದ್ದರೆ ಆಳ, ಜೋರಾಗಿದ್ದರೆ ಪೊಳ್ಳು. ಶುಕ್ರವಾರ ನೋಡಿ ರಾತ್ರಿಯೇ ಬರೆಯಬೇಕು, ನಕ್ಷತ್ರ ಅಂಟಿಸಬೇಕು, ಮರೆಯಬೇಕು. ಹತ್ತು ವರ್ಷ ಬಿಟ್ಟು ಅದೇ ಚಿತ್ರ ಮತ್ತೆ ನೋಡಿ ‘ನಾನು ತಪ್ಪಿದ್ದೆ’ ಅಂತ ಬರೆದವರು ಎಷ್ಟು ಜನ? ಸುಮ್ನೆ ಬೇರೆಯವರನ್ನು ಬೈಯುತ್ತಿಲ್ಲ. ನಾನೂ ಆಗ ಈ ಚಿತ್ರದ ಬಗ್ಗೆ ನಾಲ್ಕು ಸಾಲು ಗೀಚಿದ್ದೆ: ಹೊತ್ತು ಕಳೆಯಲು ಅಡ್ಡಿಯಿಲ್ಲ ಅಂತ. ಆ ಹಾಳೆ ಇನ್ನೂ ಡ್ರಾಯರ್‌ನಲ್ಲಿದೆ. ನಿಮ್ಮ ಪತ್ರ ಬಂದ ಮೇಲೆ ತೆಗೆದು ಓದಿದೆ. ತಿದ್ದುಪಡಿ ತಡವಾಯಿತು, ಕ್ಷಮಿಸಿ.