ಪರದೇಶದ ತರಗತಿ, ಹೊಸ ಮೇಷ್ಟ್ರು

ಪ್ರಶ್ನೆ: ಶಿಕ್ಷಕ ತರಬೇತಿಯ ಕೊನೆಯ ವರ್ಷದಲ್ಲಿದ್ದೇನೆ. 8 ವಾರ ಬೇರೆ ದೇಶದ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುವ ಅವಕಾಶ ಬಂದಿದೆ. ಹೋಗಿಬಂದವರು ‘ನಾನು ಬೇರೆಯೇ ಶಿಕ್ಷಕನಾದೆ’ ಅನ್ನುತ್ತಾರೆ. ಬದಲಾಗುವುದಾದರೂ ಏನು?

ಉತ್ತರ: ‘ಪಾಠ ಮಾಡುವುದೆಂದರೆ ಹೀಗೇ’ ಎಂಬ ನಂಬಿಕೆ ಮೊದಲು ಅಲುಗಾಡುತ್ತದೆ. ತರಬೇತಿಗೆ ಸೇರುವ ಮುನ್ನವೇ ಹತ್ತು ಹನ್ನೆರಡು ವರ್ಷ ಬೆಂಚಿನಲ್ಲಿ ಕೂತು ಶಿಕ್ಷಕರನ್ನು ನೋಡಿರುತ್ತೀರಿ. ನೋಡಿ ನೋಡಿಯೇ ಕಲಿಯುವ ಈ ಶಿಷ್ಯತ್ವವನ್ನು ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಗುರುತಿಸಿದ್ದರು. ಅದರ ಕೊರತೆಯೆಂದರೆ, ಶಿಕ್ಷಕರು ಮಾಡಿದ್ದು ಕಂಡಿರುತ್ತದೆ, ಯಾಕೆ ಮಾಡಿದರೆಂಬುದು ಕಂಡಿರುವುದಿಲ್ಲ.

ಪರದೇಶದ ತರಗತಿಯಲ್ಲಿ ಆ ಹಳೆಯ ನೆನಪು ಕೈಕೊಡುತ್ತದೆ. ಪ್ರಶ್ನೆ ಕೇಳಿದರೆ ಮಕ್ಕಳು ಸುಮ್ಮನಿರುತ್ತಾರೆ. ಅದು ಗೌರವವೋ, ಗೊಂದಲವೋ, ಬೇಸರವೋ ತಿಳಿಯದು. 3 ಸೆಕೆಂಡಾದರೂ ಕಾಯುವುದನ್ನು ಅಲ್ಲೇ ರೂಢಿಸಿಕೊಳ್ಳಿ. ಭಾಷೆ ನಿಮ್ಮದಲ್ಲದಿದ್ದರೆ ತಮಾಷೆ, ಗದರಿಕೆ, ಥಟ್ಟನೆ ಹೊಳೆಯುವ ಉದಾಹರಣೆ ಯಾವುದೂ ಒದಗುವುದಿಲ್ಲ. ಮಾತಿನ ಬಲದಿಂದ ನಡೆಯುತ್ತಿದ್ದ ಪಾಠವನ್ನು ಚಿತ್ರ, ಮಾಡಿ ತೋರಿಸುವುದು, ಒಂದೊಂದೇ ಸೂಚನೆ ಇವುಗಳ ಮೇಲೆ ಮತ್ತೆ ಕಟ್ಟಬೇಕು. ಕಷ್ಟದ ಕೆಲಸ. ಆದರೆ ಭಾಷೆ ಬಾರದ ಮಗುವನ್ನು ದಡ್ಡ ಎನ್ನಲು ಮುಂದೆಂದೂ ನಾಲಿಗೆ ಏಳುವುದಿಲ್ಲ.

ಹಾಳಾಗುವುದೂ ಇದೆ. ಶಾಲೆ ನಿಮ್ಮನ್ನು ಅತಿಥಿಯಾಗಿ ಕೂರಿಸಿ, ನಿಮ್ಮ ದೇಶದ ಬಗ್ಗೆ ನಾಲ್ಕು ಮಾತಾಡಿಸಿ ಕಳಿಸಿಬಿಡಬಹುದು. ಹಾಗಾದರೆ ಅದು ಪ್ರವಾಸವೇ ಸರಿ. ಹೊರಡುವ ಮೊದಲು ಬರವಣಿಗೆಯಲ್ಲಿ ಕೇಳಿ: ವಾರಕ್ಕೆ ಎಷ್ಟು ಪೀರಿಯಡ್ ನನ್ನದು? ಪಾಠ ನೋಡಿ ತಿದ್ದುವವರು ಯಾರು? ಎಂಟು ವಾರದ ಕ್ರಮ ಹೀಗಿರಲಿ: ಮೊದಲ ವಾರ ಬರೀ ವೀಕ್ಷಣೆ, ಮುಂದಿನ ಎರಡು ವಾರ 10–15 ನಿಮಿಷದ ಚಟುವಟಿಕೆ, ನಾಲ್ಕನೇ ವಾರದಿಂದ ಪೂರ್ತಿ ಪಾಠ. ಕೊನೆಯ ಎರಡು ವಾರ ಒಂದೇ ಘಟಕವನ್ನು ಪರೀಕ್ಷೆಯವರೆಗೂ ನೀವೇ ನಡೆಸಿ. ಬಿಡಿಬಿಡಿಯಾಗಿ ಪಾಠ ಮಾಡಿದವರಿಗೆ ನಿನ್ನೆಯ ತಪ್ಪು ಇಂದು ಎದುರಾಗುವುದಿಲ್ಲ.

ಹೊರಡುವ ಮುನ್ನ ‘ಒಳ್ಳೆಯ ಶಿಕ್ಷಕ ಯಾರು’ ಎಂದು ಒಂದು ಪುಟ ಬರೆದಿಡಿ. ನಾಲ್ಕನೇ ವಾರ, ಎಂಟನೇ ವಾರ ಹಳೆಯ ಪುಟ ನೋಡದೆ ಮತ್ತೆ ಬರೆಯಿರಿ. ಮೂರನ್ನೂ ಪಕ್ಕದಲ್ಲಿಟ್ಟರೆ ಬದಲಾವಣೆ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಮರಳಿದ ಕೆಲವೇ ತಿಂಗಳಲ್ಲಿ ಎಲ್ಲ ಹಳೆಯ ಹಾದಿಗೇ ಬೀಳುವುದೇಕೆ?

ಉತ್ತರ: ಹೋಗಿಬಂದವರು ಅಲ್ಲಿ ಕಂಡ ವಿಧಾನವನ್ನಷ್ಟೇ ಹೊತ್ತು ತರುತ್ತಾರೆ. ಅದಕ್ಕೆ ಆಧಾರವಾಗಿದ್ದ ಸಣ್ಣ ತರಗತಿ, ತಯಾರಿಯ ಸಮಯ, ಸಹಾಯಕ ಶಿಕ್ಷಕರು ಜೊತೆಗೆ ಬರುವುದಿಲ್ಲ. ಒಂದೇ ಒಂದು ರೂಢಿ ಆರಿಸಿ, ಒಂದೇ ತರಗತಿಯಲ್ಲಿ 6 ವಾರ ನಡೆಸಿ ನೋಡಿ. ‘ಅಲ್ಲಿ ಹೀಗಿತ್ತು’ ಎಂದು ಸ್ಟಾಫ್ ರೂಮಿನಲ್ಲಿ ದಿನವೂ ಹೇಳಬೇಡಿ, ಮೂರನೇ ಸಲಕ್ಕೇ ಕೇಳುವವರು ಇರುವುದಿಲ್ಲ.